ಜರ್ಮನಿಯ ಸ್ಟೂಡೆಂಟ್ ಡಾರ್ಮ್‌ನ ಶೇರ್ಡ್ ಫ್ಲ್ಯಾಟ್: ಮೊದಲ ಎರಡು ವಾರ ಹೇಗಿರುತ್ತದೆ?

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಕರ್ನಾಟಕದಿಂದ ಮಾಸ್ಟರ್ಸ್ ಓದಲು ಜರ್ಮನಿಗೆ ಹೋಗುವವರು ಮೊದಲ ವರ್ಷದ ಮಟ್ಟಿಗೆ ಸ್ಟುಡಿಯೆರೆಂಡೆನ್‌ವೆರ್ಕ್ ಎಂಬ ವಿದ್ಯಾರ್ಥಿ ಸೇವಾ ಸಂಸ್ಥೆಯ ಡಾರ್ಮ್‌ನಲ್ಲಿ ಮೂರ್ನಾಲ್ಕು ಜನ ಹಂಚಿಕೊಳ್ಳುವ ಫ್ಲ್ಯಾಟನ್ನೇ ಹಿಡಿಯುವುದು ಒಳ್ಳೆಯದು. ಒಬ್ಬರೇ ಇರುವ ಸ್ಟುಡಿಯೋ ಬೇಡ, ಹತ್ತು ಹದಿನೈದು ಜನಕ್ಕೆ ಒಂದೇ ಅಡುಗೆಮನೆ ಇರುವ ಉದ್ದನೆಯ ಕಾರಿಡಾರ್ ಬೇಡ, ಊರು ಮುಟ್ಟುವ ಮುಂಚೆಯೇ ಆನ್‌ಲೈನಲ್ಲಿ ಯಾರದೋ ಖಾಸಗಿ ರೂಮಿಗೆ ದುಡ್ಡು ಕಳಿಸುವುದಂತೂ ಬೇಡವೇ ಬೇಡ. ಹಾಗಂತ ಈ ಫ್ಲ್ಯಾಟಿನಲ್ಲಿ ಎಲ್ಲ ಸಲೀಸು ಎಂದಲ್ಲ. ಇಲ್ಲಿ ಬರುವ ತೊಂದರೆಗಳಲ್ಲಿ ಮುಕ್ಕಾಲು ಪಾಲು ಮೊದಲ ಎರಡು ವಾರದಲ್ಲೇ ಬರುತ್ತವೆ, ಹೆಚ್ಚಿನವು ಮುಂಚಿತವಾಗಿ ಗೊತ್ತಿದ್ದರೆ ಬರುವುದೇ ಇಲ್ಲ.

ಜರ್ಮನಿಯಲ್ಲಿ ಇಂಥ 57 ಸ್ಟುಡಿಯೆರೆಂಡೆನ್‌ವೆರ್ಕ್‌ಗಳಿವೆ. ಇವು ಯೂನಿವರ್ಸಿಟಿಯ ಭಾಗವಲ್ಲ. ಒಂದೊಂದು ಊರಿನ ಅಥವಾ ಪ್ರದೇಶದ ಕಾಲೇಜುಗಳಿಗೆಲ್ಲ ಸೇರಿ ಡಾರ್ಮ್, ಮೆನ್ಸಾ ಎಂಬ ಕ್ಯಾಂಟೀನ್ ಮತ್ತು ವಿದ್ಯಾರ್ಥಿ ಸಹಾಯಧನದ ಕಚೇರಿ ನಡೆಸುವ ಸಾರ್ವಜನಿಕ ಸಂಸ್ಥೆಗಳು. ಹಾಗಾಗಿ ಅಡ್ಮಿಷನ್ ಸಿಕ್ಕಿತು ಎಂದರೆ ರೂಮ್ ತಾನಾಗಿ ಸಿಗುವುದಿಲ್ಲ, ಅರ್ಜಿ ಬೇರೆಯೇ ಹಾಕಬೇಕು. ಬಾಡಿಗೆ ಊರು ಮತ್ತು ಕಟ್ಟಡದ ವಯಸ್ಸಿನ ಮೇಲೆ ಹೋಗುತ್ತದೆ; ಸಾಧಾರಣವಾಗಿ 250ರಿಂದ 400 ಯೂರೋ ನಡುವೆ. ಹೀಟಿಂಗ್, ನೀರು, ಕರೆಂಟು, ಎಷ್ಟೋ ಕಡೆ ಇಂಟರ್‌ನೆಟ್ ಕೂಡ ಅದರಲ್ಲೇ ಸೇರಿರುತ್ತದೆ. ವೀಸಾಗಾಗಿ ಮೊದಲೇ ಹಣ ಕಟ್ಟಿ, ತಿಂಗಳಿಗೆ ಇಷ್ಟೆಂದು ಮಾತ್ರ ತೆಗೆಯಬಹುದಾದ ಬ್ಲಾಕ್ಡ್ ಅಕೌಂಟಿನಲ್ಲಿ ವರ್ಷಕ್ಕೆ ಇಡಬೇಕಾದ 11,904 ಯೂರೋದಿಂದ ತಿಂಗಳಿಗೆ ಕೈಗೆ ಬರುವುದು 992. ಅದರಲ್ಲಿ ಹೆಲ್ತ್ ಇನ್ಶೂರೆನ್ಸ್‌ಗೆ ಹತ್ತಿರ ಹತ್ತಿರ 150 ಹೋದ ಮೇಲೆ, ಬಾಡಿಗೆ 300ರಲ್ಲಿದ್ದರೆ ಉಸಿರಾಡಬಹುದು, 600ರಲ್ಲಿದ್ದರೆ ಪಾರ್ಟ್‌ಟೈಮ್ ಕೆಲಸ ಸಿಗುವ ತನಕ ಪ್ರತಿ ತಿಂಗಳ ಕೊನೆಯೂ ಕಷ್ಟ. ಈ ಒಂದು ಲೆಕ್ಕವೇ ಡಾರ್ಮ್ ಪರವಾಗಿ ಅರ್ಧ ವಾದ ಗೆಲ್ಲುತ್ತದೆ.

ಅರ್ಜಿಯ ವಿಷಯದಲ್ಲಿ ಕಾಯುವ ಪಟ್ಟಿಯೇ ದೊಡ್ಡ ದೋಷ. ಮ್ಯೂನಿಕ್‌ನಂಥ ಊರಲ್ಲಿ ಸೆಮೆಸ್ಟರ್‌ಗಟ್ಟಲೆ ಕಾಯಬೇಕು. ಪೂರ್ವ ಜರ್ಮನಿಯ ಸಣ್ಣ ಊರುಗಳಲ್ಲಿ ಕೆಲವೇ ವಾರಗಳಲ್ಲಿ ಆಫರ್ ಬರುವುದೂ ಉಂಟು. ಕೆಲವು ಕಡೆ ಅಡ್ಮಿಷನ್ ಪತ್ರ ಕೈಸೇರುವ ಮುಂಚೆಯೇ ಅರ್ಜಿ ತಗೊಳ್ಳುತ್ತಾರೆ, ಹಾಗಾಗಿ ಯೂನಿವರ್ಸಿಟಿಗೆ ಅರ್ಜಿ ಹಾಕಿದ ವಾರವೇ ಆ ಊರಿನ ಡಾರ್ಮ್ ಪುಟವನ್ನೂ ನೋಡಿಬಿಡಿ. ಅರ್ಜಿಯಲ್ಲಿ ಒಂದೇ ಕಟ್ಟಡಕ್ಕೆ ಅಂಟಿಕೊಂಡರೆ ಕಾಯುವುದು ಜಾಸ್ತಿ. ಟಿಕ್ ಮಾಡುವಾಗ 'ಡಬ್ಲ್ಯೂಜಿ' (WG, ಅಂದರೆ ಶೇರ್ಡ್ ಫ್ಲ್ಯಾಟ್) ಎಂದಿರುವುದನ್ನು ಆರಿಸಿ, ಎಷ್ಟು ಜನರದು ಎಂದು ಓದಿ. ಇಬ್ಬರದು ಎಂದರೆ ಅದೃಷ್ಟದ ಮಾತು: ಹೊಂದಿಕೆಯಾಗದಿದ್ದರೆ ಮಧ್ಯಸ್ಥಿಕೆಗೆ ಮೂರನೆಯವರಿಲ್ಲ. ಆರಕ್ಕಿಂತ ಹೆಚ್ಚಾದರೆ ಸಿಂಕಿನಲ್ಲಿ ಬಿದ್ದ ಪಾತ್ರೆ ಯಾರದೆಂದು ಯಾರಿಗೂ ಗೊತ್ತಾಗುವುದಿಲ್ಲ.

ಆಫರ್ ಬಂದರೆ ಡೆಪಾಸಿಟ್ ಕಟ್ಟಬೇಕು. ಜರ್ಮನಿಯ ಕಾನೂನಿನ ಪ್ರಕಾರ ಡೆಪಾಸಿಟ್ ಮೂರು ತಿಂಗಳ ಮೂಲ ಬಾಡಿಗೆಯನ್ನು ಮೀರುವ ಹಾಗಿಲ್ಲ. ಖಾಸಗಿ ಮಾಲೀಕರು ಇದಕ್ಕೆ ಬಡ್ಡಿ ಕೊಡಬೇಕು, ಸ್ಟೂಡೆಂಟ್ ಡಾರ್ಮ್‌ಗಳಿಗೆ ಮಾತ್ರ ಆ ಹೊಣೆ ಇಲ್ಲ; ಬಡ್ಡಿ ಕೇಳಿ ಮೇಲ್ ಬರೆಯುವ ಶ್ರಮ ಬೇಡ. ಹಣ ಕಳಿಸುವಾಗ ಕಾಂಟ್ರ್ಯಾಕ್ಟಿನಲ್ಲಿರುವ ನಂಬರ್ ಮತ್ತು ನಿಮ್ಮ ಹೆಸರನ್ನು ರೆಫರೆನ್ಸ್ ಜಾಗದಲ್ಲಿ ಬರೆಯಲೇಬೇಕು, ಇಲ್ಲವಾದರೆ ದುಡ್ಡು ಬಂದರೂ ಯಾರದೆಂದು ಕಚೇರಿಗೆ ತಿಳಿಯುವುದಿಲ್ಲ. ಭಾರತದಿಂದ ಕಳಿಸಿದರೆ ಮಧ್ಯದ ಬ್ಯಾಂಕ್ ಚಾರ್ಜ್ ಕಳೆದು ಹತ್ತಿಪ್ಪತ್ತು ಯೂರೋ ಕಡಿಮೆ ತಲುಪುವುದುಂಟು. 'ಎಲ್ಲ ಚಾರ್ಜೂ ಕಳಿಸುವವರದು' ಎಂಬ ಆಯ್ಕೆಯನ್ನು ಬ್ಯಾಂಕಿನಲ್ಲಿ ಕೇಳಿ ಹಾಕಿಸಿ.

ಬೀಗದ ಕೈ

ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿ. ಕಾಂಟ್ರ್ಯಾಕ್ಟ್ ಶುರುವಾಗುವುದು ತಿಂಗಳ ಒಂದನೇ ತಾರೀಖು, ಹೆಚ್ಚಿನವರಿಗೆ ಅಕ್ಟೋಬರ್ 1. ಕೀ ಕೊಡುವವರು ಹೌಸ್‌ಮೈಸ್ಟರ್, ಅಂದರೆ ಕಟ್ಟಡದ ಕೇರ್‌ಟೇಕರ್. ಅವರು ಸಿಗುವುದು ವಾರದ ದಿನಗಳಲ್ಲಿ, ಎಷ್ಟೋ ಕಡೆ ಬೆಳಿಗ್ಗೆ ಒಂದೆರಡು ಗಂಟೆ ಮಾತ್ರ. ಒಂದನೇ ತಾರೀಖು ಶನಿವಾರವೋ ಭಾನುವಾರವೋ ಆದರೆ ಮುಂದಿನ ಕೆಲಸದ ದಿನವೇ ಗತಿ. ಅಕ್ಟೋಬರ್ 3 ರಾಷ್ಟ್ರೀಯ ರಜೆ ಬೇರೆ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೋ ಮ್ಯೂನಿಕ್‌ಗೋ ನೇರ ವಿಮಾನ ಹಿಡಿದು ಶುಕ್ರವಾರ ಸಂಜೆ ಡಾರ್ಮ್ ಮುಟ್ಟಿದವರಿಗೆ ಸೋಮವಾರದ ತನಕ ಹಾಸ್ಟೆಲ್ ಬುಕ್ ಮಾಡದೆ ವಿಧಿಯಿಲ್ಲ. ಸೋಮವಾರದಿಂದ ಬುಧವಾರದೊಳಗೆ ಇಳಿಯುವ ಟಿಕೆಟ್ ತೆಗೆಯಿರಿ. ಹೊರಡುವ ಹತ್ತು ದಿನ ಮೊದಲು ಹೌಸ್‌ಮೈಸ್ಟರ್‌ಗೆ ಮೇಲ್ ಮಾಡಿ ದಿನ, ಗಂಟೆ ಗೊತ್ತು ಮಾಡಿಕೊಳ್ಳಿ. ಇಷ್ಟು ಮಾಡಿದರೆ ಸಾವಿರಗಟ್ಟಲೆ ರೂಪಾಯಿ ಉಳಿಯುತ್ತದೆ.

ಕೀ ಕೊಡುವಾಗ ಒಂದು ಹಸ್ತಾಂತರ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ರೂಮಿನ ಸ್ಥಿತಿ, ಸಾಮಾನು, ಕೀಗಳ ಸಂಖ್ಯೆ ಅದರಲ್ಲಿರುತ್ತದೆ. ಆತುರದಲ್ಲಿ ಸಹಿ ಹಾಕಿದವರು ಬಿಟ್ಟು ಹೋಗುವಾಗ ಹಿಂದಿನವರು ಮಾಡಿದ ಗೀರಿಗೆ ದುಡ್ಡು ಕೊಡುತ್ತಾರೆ. ಹಾಸಿಗೆಯ ಕಲೆ, ಕಿಟಕಿಯ ರಬ್ಬರ್ ಅಂಚಿನ ಕಪ್ಪು ಬೂಷ್ಟು, ನೆಲದ ಸುಟ್ಟ ಗುರುತು, ಮೇಜಿನ ಅಂಚು, ಕಪಾಟಿನ ಬಾಗಿಲ ಹಿಂಜ್: ಇವಿಷ್ಟನ್ನೂ ನೋಡಿ ಬರೆಸಿ. ಕೆಲವು ಕಡೆ ಸಹಿಯ ನಂತರವೂ ಕೆಲವು ದಿನದೊಳಗೆ ದೋಷಪಟ್ಟಿ ಕಳಿಸಲು ಅವಕಾಶವಿರುತ್ತದೆ, ಆ ಗಡುವು ಎಷ್ಟೆಂದು ಅಲ್ಲೇ ಕೇಳಿ. ಅಂದೇ ಫೋಟೋ ತೆಗೆದು ನಿಮಗೆ ನೀವೇ ಮೇಲ್ ಮಾಡಿಕೊಂಡರೆ ತಾರೀಖಿನ ಪುರಾವೆಯೂ ಇರುತ್ತದೆ.

ಬಾಗಿಲಿನ ವಿಷಯ ಪ್ರತ್ಯೇಕವಾಗಿ ಹೇಳಬೇಕು. ಇಲ್ಲಿನ ಬಾಗಿಲಿಗೆ ಹೊರಗಡೆ ತಿರುಗುವ ಹಿಡಿಕೆ ಇರುವುದಿಲ್ಲ, ಸ್ಥಿರವಾದ ಗುಂಡಿ ಇರುತ್ತದೆ. ಗಾಳಿಗೆ ಬಾಗಿಲು ಮುಚ್ಚಿಕೊಂಡರೆ ಸಾಕು, ಬೀಗ ಹಾಕದಿದ್ದರೂ ಕೀ ಇಲ್ಲದೆ ಹೊರಗಿನಿಂದ ತೆರೆಯಲಾಗದು. ಕಸ ಹಾಕಲು ಚಪ್ಪಲಿಯಲ್ಲಿ ಕೆಳಗಿಳಿದು ಹೊರಗೆ ಉಳಿದವರ ಕಥೆ ಪ್ರತಿ ಡಾರ್ಮಿನಲ್ಲೂ ಪ್ರತಿ ಅಕ್ಟೋಬರ್‌ನಲ್ಲೂ ಕೇಳುತ್ತದೆ. ರಾತ್ರಿ, ಭಾನುವಾರ ಬೀಗ ತೆರೆಯುವವರನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಿ ಕರೆದರೆ ನೂರಾರು ಯೂರೋ ಬಿಲ್ ಆಗಬಹುದು. ಡಾರ್ಮಿನ ತುರ್ತು ನಂಬರನ್ನೇ ಮೊದಲು ಪ್ರಯತ್ನಿಸಿ, ಆ ನಂಬರ್ ನೆಲಮಹಡಿಯ ನೋಟಿಸ್ ಬೋರ್ಡಿನಲ್ಲಿರುತ್ತದೆ. ಕೀ ಕಳೆದರೆ ಇನ್ನೂ ದುಬಾರಿ. ಒಂದೇ ಕೀ ಮುಖ್ಯದ್ವಾರಕ್ಕೂ ರೂಮಿಗೂ ಆಗುವ ವ್ಯವಸ್ಥೆ ಇದ್ದರೆ ಇಡೀ ಕಟ್ಟಡದ ಬೀಗ ಬದಲಿಸುವ ಪ್ರಶ್ನೆ ಬರುತ್ತದೆ. ತಿಂಗಳಿಗೆ ಮೂರರಿಂದ ಐದು ಯೂರೋಗೆ ಸಿಗುವ ಖಾಸಗಿ ಹೊಣೆಗಾರಿಕೆ ವಿಮೆ, ಹಾಫ್ಟ್‌ಫ್ಲಿಷ್ಟ್, ಮೊದಲ ವಾರವೇ ಮಾಡಿಸಿ. ಅದರಲ್ಲಿ ಬೇರೆಯವರ ಕೀ ಕಳೆದುಹೋದದ್ದಕ್ಕೆ ಪರಿಹಾರ ಸೇರಿದೆಯೇ ಎಂದು ನೋಡಿಯೇ ಸಹಿ ಹಾಕಿ.

ರೂಮಿನಲ್ಲಿ ಏನಿರುತ್ತದೆ, ಏನಿರುವುದಿಲ್ಲ

ಮಂಚ, ಹಾಸಿಗೆ, ಮೇಜು, ಕುರ್ಚಿ, ಕಪಾಟು, ಶೆಲ್ಫ್ ಇರುತ್ತವೆ. ದಿಂಬು, ಹೊದಿಕೆ, ಬೆಡ್‌ಶೀಟ್, ಪರದೆ ಇರುವುದಿಲ್ಲ. ಟಾಯ್ಲೆಟ್ ಪೇಪರ್ ಕೂಡ ಇದೆಯೆಂದು ನಂಬುವಂತಿಲ್ಲ. ಹಾಸಿಗೆ 90×200 ಸೆಂ.ಮೀ., ಹೊದಿಕೆಯ ಅಳತೆ 135×200, ದಿಂಬು 80×80ರ ಚೌಕ. ನಮ್ಮ ಕಡೆಯ ಉದ್ದ ದಿಂಬಿನ ಕವರ್ ಅದಕ್ಕೆ ಹೊಂದುವುದಿಲ್ಲ. ಸಿಂಗಲ್ ಬೆಡ್‌ಶೀಟ್ ಒಂದು ಮತ್ತು ತೆಳ್ಳನೆಯ ಕಂಬಳಿ ಒಂದನ್ನು ಕ್ಯಾಬಿನ್ ಬ್ಯಾಗಿನಲ್ಲೇ ಇಟ್ಟರೆ ಮೊದಲ ರಾತ್ರಿ ಕಳೆಯುತ್ತದೆ, ಉಳಿದದ್ದನ್ನು ಮರುದಿನ ಕೊಳ್ಳಬಹುದು. ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ ಎಂಬುದನ್ನು ಮರೆಯಬೇಡಿ. ದೊಡ್ಡ ರೈಲು ನಿಲ್ದಾಣಗಳೊಳಗಿನ ಕೆಲವು ಅಂಗಡಿಗಳಷ್ಟೇ ತೆರೆದಿರುತ್ತವೆ.

ಕರೆಂಟ್ 230 ವೋಲ್ಟ್, 50 ಹರ್ಟ್ಸ್, ನಮ್ಮದೇ ಲೆಕ್ಕ. ಸಾಕೆಟ್ ಮಾತ್ರ ಬೇರೆ, ತಗ್ಗಾದ ದುಂಡನೆಯದು. ಫೋನ್ ಚಾರ್ಜರಿನ ಎರಡು ಪಿನ್ ಅದರಲ್ಲಿ ಕೂರುತ್ತದೆ, ಮಿಕ್ಸಿಯ ಮೂರು ಪಿನ್ ಕೂರುವುದಿಲ್ಲ. ಊರಿನಿಂದ ಒಂದು ಸ್ಪೈಕ್ ಬಸ್ಟರ್, ಅದಕ್ಕೊಂದು ಒಳ್ಳೆಯ ಅಡಾಪ್ಟರ್ ತಂದರೆ ಲ್ಯಾಪ್‌ಟಾಪ್, ಮಿಕ್ಸಿಗೆ ಸಾಕು. ಆದರೆ 2,000 ವ್ಯಾಟಿನ ನೀರು ಕಾಯಿಸುವ ಕೆಟಲ್, ರೂಮ್ ಹೀಟರ್‌ಗಳನ್ನು ಅದಕ್ಕೆ ಹಾಕಬೇಡಿ: ಅಗ್ಗದ ಅಡಾಪ್ಟರಿನ ಪಿನ್ ಬಿಸಿಯಾಗಿ ಕರಗುತ್ತದೆ, ಎಷ್ಟೋ ಅಡಾಪ್ಟರ್‌ಗಳಲ್ಲಿ ಅರ್ತಿಂಗ್ ಸಂಪರ್ಕವೇ ಇರುವುದಿಲ್ಲ.

ಇಂಟರ್‌ನೆಟ್ ಬಗ್ಗೆ ಚಿಕ್ಕದಾಗಿ: ಹಳೆಯ ಡಾರ್ಮ್‌ಗಳಲ್ಲಿ ಗೋಡೆಯಲ್ಲಿ ಲ್ಯಾನ್ ಸಾಕೆಟ್ ಮಾತ್ರ, ವೈಫೈ ಬೇಕಾದರೆ ರೂಟರ್ ನಿಮ್ಮದು. ಐದು ಮೀಟರ್ ಕೇಬಲ್ ಒಂದು ತನ್ನಿ. ಪ್ರೀಪೇಡ್ ಸಿಮ್‌ಗೆ ಪಾಸ್‌ಪೋರ್ಟ್ ತೋರಿಸಿ ಗುರುತು ದೃಢಪಡಿಸುವುದು ಕಡ್ಡಾಯ, ವಿಡಿಯೋ ಕಾಲ್ ಮೂಲಕ ಮಾಡಲು ಇಂಟರ್‌ನೆಟ್ ಬೇಕು. ಆದ್ದರಿಂದ ಮೊದಲ ವಾರಕ್ಕೆ ಭಾರತದ ನಂಬರಿನ ರೋಮಿಂಗ್ ಪ್ಯಾಕ್ ಇಟ್ಟುಕೊಳ್ಳುವುದು ದಂಡವಲ್ಲ, ಬ್ಯಾಂಕಿನ ಓಟಿಪಿ ಬರುವುದಕ್ಕೂ ಅದೇ ಬೇಕು.

ಅಂಚೆಪೆಟ್ಟಿಗೆಯ ಮೇಲೆ ಹೆಸರು

ಮನೆ ಸೇರಿದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅನ್‌ಮೆಲ್ಡುಂಗ್ ಎನ್ನುವ ಈ ಕೆಲಸಕ್ಕೆ ಪಾಸ್‌ಪೋರ್ಟ್, ಭರ್ತಿ ಮಾಡಿದ ಫಾರ್ಮ್ ಮತ್ತು 'ಇವರು ಇಂಥ ದಿನದಿಂದ ಇಲ್ಲಿ ವಾಸವಿದ್ದಾರೆ' ಎಂದು ಮನೆ ಕೊಟ್ಟವರು ಸಹಿ ಮಾಡಿದ ಪತ್ರ ಬೇಕು. ಬಾಡಿಗೆ ಕಾಂಟ್ರ್ಯಾಕ್ಟ್ ಆ ಪತ್ರದ ಜಾಗ ತುಂಬುವುದಿಲ್ಲ. ಡಾರ್ಮಿನ ನಿಜವಾದ ಬೆಲೆ ತಿಳಿಯುವುದು ಇಲ್ಲೇ: ಕೇಳದೆಯೇ ಆ ಪತ್ರ ಕೊಡುತ್ತಾರೆ. ಖಾಸಗಿ ರೂಮ್ ಉಪಬಾಡಿಗೆಗೆ ಕೊಡುವ ಕೆಲವರು 'ವಾಸಿಸಬಹುದು, ನೋಂದಣಿ ಮಾತ್ರ ಬೇಡ' ಎನ್ನುತ್ತಾರೆ. ಅಂಥ ರೂಮ್ ಎಷ್ಟೇ ಅಗ್ಗವಾಗಿದ್ದರೂ ಬಿಡಿ, ಏಕೆಂದರೆ ಟ್ಯಾಕ್ಸ್ ನಂಬರ್, ರೆಸಿಡೆನ್ಸ್ ಪರ್ಮಿಟ್, ಎಷ್ಟೋ ಬ್ಯಾಂಕುಗಳ ಖಾತೆ ಎಲ್ಲವೂ ಆ ನೋಂದಣಿಗೆ ಕಟ್ಟಿಬಿದ್ದಿವೆ. ದೊಡ್ಡ ಊರುಗಳಲ್ಲಿ ಕಚೇರಿಯ ಅಪಾಯಿಂಟ್‌ಮೆಂಟ್ ವಾರಗಟ್ಟಲೆ ಸಿಗುವುದಿಲ್ಲ, ಊರಿನಿಂದಲೇ ಬುಕ್ ಮಾಡಿ. ಬೆಳಿಗ್ಗೆ ಏಳೆಂಟು ಗಂಟೆಗೆ ರದ್ದಾದ ಜಾಗಗಳು ಆನ್‌ಲೈನಿನಲ್ಲಿ ಕಾಣಿಸಿಕೊಳ್ಳುವುದುಂಟು.

ಇದಾದ ಮೇಲೂ ಒಂದು ತೊಡಕಿದೆ. ಟ್ಯಾಕ್ಸ್ ನಂಬರ್, ಬ್ಯಾಂಕ್ ಕಾರ್ಡ್, ಅದರ ಪಿನ್, ಇನ್ಶೂರೆನ್ಸ್ ಕಾರ್ಡ್ ಎಲ್ಲವೂ ಬರುವುದು ಕಾಗದದ ಅಂಚೆಯಲ್ಲಿ. ಅಂಚೆಯವರು ನೋಡುವುದು ಪೆಟ್ಟಿಗೆಯ ಮೇಲಿನ ಹೆಸರನ್ನು, ರೂಮ್ ನಂಬರನ್ನಲ್ಲ. ಹೆಸರಿಲ್ಲದಿದ್ದರೆ ಪತ್ರ ವಾಪಸ್. ಶೇರ್ಡ್ ಫ್ಲ್ಯಾಟಿನಲ್ಲಿ ನಾಲ್ವರಿಗೆ ಒಂದೇ ಪೆಟ್ಟಿಗೆ ಇರಬಹುದು. ಕೀ ಸಿಕ್ಕ ಒಂದು ಗಂಟೆಯೊಳಗೆ ಪಾಸ್‌ಪೋರ್ಟಿನಲ್ಲಿರುವ ಹಾಗೆಯೇ ಹೆಸರು ಬರೆದು ಟೇಪ್ ಹಚ್ಚಿ, ಕರೆಗಂಟೆಯ ಮೇಲೂ ಹಚ್ಚಿ. ಕನ್ನಡಿಗರಿಗೆ ಇದರಲ್ಲಿ ವಿಶೇಷ ತೊಂದರೆಯಿದೆ: ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇರುವವರಿಗೆ ಒಂದು ಕಚೇರಿ ಒಂದು ಥರ, ಇನ್ನೊಂದು ಬ್ಯಾಂಕ್ ಮತ್ತೊಂದು ಥರ ಹೆಸರು ಬರೆದುಕೊಳ್ಳುತ್ತದೆ. ತಂದೆಯ ಹೆಸರೋ ಊರಿನ ಹೆಸರೋ ಪಾಸ್‌ಪೋರ್ಟಿನಲ್ಲಿದ್ದರೆ ಅದನ್ನೂ ಸೇರಿಸಿ ಎರಡು ರೂಪದಲ್ಲೂ ಪೆಟ್ಟಿಗೆಯ ಮೇಲೆ ಬರೆದರೆ ಪತ್ರ ತಪ್ಪುವುದಿಲ್ಲ.

ಫ್ಲ್ಯಾಟ್‌ಮೇಟ್‌ಗಳು

ನಾಲ್ಕು ಜನರ ಫ್ಲ್ಯಾಟ್ ಎಂದರೆ ಒಬ್ಬರು ಜರ್ಮನ್ ವಿದ್ಯಾರ್ಥಿ, ಉಳಿದವರು ಟರ್ಕಿ, ಸ್ಪೇನ್, ಚೀನಾ, ಇರಾನ್, ಎಲ್ಲಿಯವರೂ ಆಗಿರಬಹುದು. ಮುಚ್ಚಿದ ಬಾಗಿಲು ಕೋಪದ ಗುರುತಲ್ಲ, ಅಲ್ಲಿ ಬಾಗಿಲು ಮುಚ್ಚಿಕೊಂಡೇ ಇರುತ್ತಾರೆ. ತಟ್ಟಿ, ಉತ್ತರ ಬಂದ ಮೇಲೆ ತೆರೆಯಬೇಕು. ಬಂದ ದಿನವೋ ಮರುದಿನವೋ ಎಲ್ಲರೂ ಅಡುಗೆಮನೆಯಲ್ಲಿ ಸಿಗುವ ಸಂಜೆ ಅರ್ಧ ಗಂಟೆ ಕೂತು ಕೆಲವು ವಿಷಯ ನೇರವಾಗಿ ಕೇಳಿಬಿಡಿ: ಫ್ರಿಜ್ಜಿನಲ್ಲಿ, ಫ್ರೀಜರಿನಲ್ಲಿ, ಕಪಾಟಿನಲ್ಲಿ ನನ್ನ ಜಾಗ ಯಾವುದು, ಎಣ್ಣೆ, ಉಪ್ಪು, ಪಾತ್ರೆ ತೊಳೆಯುವ ಲಿಕ್ವಿಡ್ ಎಲ್ಲರದ್ದೇ, ಕ್ಲೀನಿಂಗ್ ಸರದಿ ಹೇಗೆ, ರಾತ್ರಿ ಅತಿಥಿ ಬಂದರೆ ಮುಂಚೆ ಹೇಳಬೇಕೆ, ಹಂದಿ ಅಥವಾ ದನದ ಮಾಂಸ ತಾಗದ ನನ್ನದೊಂದು ಬಾಣಲೆ ಬೇರೆ ಇಡಬಹುದೆ. ಈ ಕೊನೆಯದನ್ನು ಸಂಕೋಚದಿಂದ ನುಂಗಿಕೊಂಡು ತಿಂಗಳ ನಂತರ ಬೇಸರ ತೋರಿಸುವವರು ಬಹಳ. ಮೊದಲ ದಿನ ಹೇಳಿದರೆ ಅದು ಬರೀ ಮಾಹಿತಿ, ತಿಂಗಳ ನಂತರ ಹೇಳಿದರೆ ಆರೋಪ. ಸಸ್ಯಾಹಾರಿ ಎಂದರೆ ಅಲ್ಲಿ ಮೊಟ್ಟೆ ತಿನ್ನುವವರೂ ಸೇರುತ್ತಾರೆ, ನಿಮ್ಮ ಲೆಕ್ಕ ಬೇರೆಯಾದರೆ ಬಿಡಿಸಿ ಹೇಳಿ.

ಕ್ಲೀನಿಂಗ್ ಸರದಿಗೆ ಪುಟ್ಸ್‌ಪ್ಲಾನ್ ಎನ್ನುತ್ತಾರೆ. ನಾಲ್ಕು ಕೆಲಸ, ನಾಲ್ಕು ಹೆಸರು, ವಾರಕ್ಕೊಮ್ಮೆ ತಿರುಗುತ್ತದೆ: ಅಡುಗೆಮನೆ, ಬಾತ್‌ರೂಮ್, ನೆಲ, ಕಸ. 'ಅಡುಗೆಮನೆ' ಎಂದಷ್ಟೇ ಬರೆದ ಪಟ್ಟಿ ಜಗಳಕ್ಕೆ ದಾರಿ. ಒಲೆಯ ಗಾಜು, ಸಿಂಕಿನ ಜಾಲರಿ, ಓವನ್ ಒಳಗೆ, ಫ್ರಿಜ್ಜಿನ ಕೆಳಗಿನ ಡ್ರಾಯರ್ ಎಂದು ಬಿಡಿಸಿ ಬರೆದ ಪಟ್ಟಿ ಬಾಳುತ್ತದೆ. ಸಾಮಾನ್ಯ ಖರ್ಚಿಗೆ ತಿಂಗಳಿಗೆ ತಲಾ ಐದರಿಂದ ಹತ್ತು ಯೂರೋ ಡಬ್ಬಿಗೆ ಹಾಕುವುದೋ ಸ್ಪ್ಲಿಟ್‌ವೈಸ್ ಆ್ಯಪಿನಲ್ಲಿ ಬರೆಯುವುದೋ ಮಾಡುತ್ತಾರೆ. ನಲವತ್ತು ಸೆಂಟಿನ ಲೆಕ್ಕವನ್ನೂ ಬರೆದರೆ ಜಿಪುಣತನ ಎಂದುಕೊಳ್ಳಬೇಡಿ, ಲೆಕ್ಕ ಸ್ಪಷ್ಟವಾಗಿರುವುದು ಅಲ್ಲಿ ಗೌರವ.

ಹೊಸಬರು ಭಾರತೀಯರಷ್ಟೇ ಇರುವ ಫ್ಲ್ಯಾಟಿಗೆ ಬದಲಾಯಿಸಲು ಮೊದಲ ವಾರದಲ್ಲೇ ಓಡಾಡುವುದನ್ನು ನಾವು ಒಪ್ಪುವುದಿಲ್ಲ. ಕಚೇರಿಯಿಂದ ಬಂದ ಜರ್ಮನ್ ಪತ್ರದಲ್ಲಿ ಗಡುವು ಯಾವುದು, ದಂಡ ಯಾವುದು ಎಂದು ಎರಡು ನಿಮಿಷದಲ್ಲಿ ಹೇಳುವ ಜರ್ಮನ್ ಫ್ಲ್ಯಾಟ್‌ಮೇಟ್ ಮೊದಲ ಸೆಮೆಸ್ಟರಿನಲ್ಲಿ ಸಿಗುವ ಅತಿ ದೊಡ್ಡ ಸಹಾಯ. ಬೆಂಗಳೂರಿನ ಗೊಯ್ಥೆ ಇನ್‌ಸ್ಟಿಟ್ಯೂಟ್, ಅಂದರೆ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ಭಾಷೆಯ ಎ2 ಹಂತ ಮುಗಿಸಿ ಬಂದವರಿಗೂ ಆ ಪತ್ರಗಳ ಭಾಷೆ ಅರ್ಥವಾಗುವುದು ಕಷ್ಟ.

ಅಡುಗೆಮನೆ

ಡಾರ್ಮಿನ ಅಡುಗೆಮನೆಗೆ ಮನಸ್ಸು ಬಿಚ್ಚಿ ಒಳ್ಳೆಯ ಅಂಕ ಕೊಡಬಹುದು: ನಾಲ್ಕು ಉರಿಯ ಒಲೆ, ಓವನ್, ಎರಡು ಫ್ರಿಜ್, ಊಟದ ಮೇಜು. ಆದರೆ ನಮ್ಮ ಅಡುಗೆಗೂ ಆ ಒಲೆಗೂ ಹೊಂದಿಸಿಕೊಳ್ಳಲು ಸ್ವಲ್ಪ ತಿಳಿವಳಿಕೆ ಬೇಕು.

ಒಲೆ ಮೂರು ಬಗೆ. ಹಳೆಯ ಕಟ್ಟಡದಲ್ಲಿ ಎರಕದ ಕಬ್ಬಿಣದ ದುಂಡು ತಟ್ಟೆ, ಹೆಚ್ಚಿನ ಕಡೆ ಗಾಜಿನ ಸೆರಾನ್, ಹೊಸದರಲ್ಲಿ ಇಂಡಕ್ಷನ್. ತಳಕ್ಕೆ ಆಯಸ್ಕಾಂತ ಅಂಟಿದರೆ ಮಾತ್ರ ಪಾತ್ರೆ ಇಂಡಕ್ಷನ್‌ಗೆ ಆಗುತ್ತದೆ; ಮಾಮೂಲಿ ಅಲ್ಯೂಮಿನಿಯಂ ಕುಕ್ಕರ್ ಆಗುವುದಿಲ್ಲ. ಕಟ್ಟಡದಲ್ಲಿ ಯಾವುದಿದೆ ಎಂದು ಗೊತ್ತಾಗದಿದ್ದರೆ ಇಂಡಕ್ಷನ್ ತಳದ ಮೂರು ಲೀಟರ್ ಸ್ಟೀಲ್ ಕುಕ್ಕರ್ ತನ್ನಿ, ಅದು ಮೂರಕ್ಕೂ ಆಗುತ್ತದೆ. ಗ್ಯಾಸ್ಕೆಟ್ ಎರಡು, ಸೇಫ್ಟಿ ವಾಲ್ವ್ ಒಂದು ಜೊತೆಗಿರಲಿ, ಅಲ್ಲಿನ ಅಂಗಡಿಗಳಲ್ಲಿ ನಮ್ಮ ಕಂಪನಿಯ ಬಿಡಿಭಾಗ ಸುಲಭಕ್ಕೆ ಸಿಗುವುದಿಲ್ಲ. ದುಂಡು ತಳದ ಬಾಣಲೆ ಗಾಜಿನ ಮೇಲೆ ನಿಲ್ಲುವುದಿಲ್ಲ, ಬಿಸಿಯೂ ಏರುವುದಿಲ್ಲ. ಅಲ್ಯೂಮಿನಿಯಂ ಪಾತ್ರೆಯನ್ನು ಗಾಜಿನ ಮೇಲೆ ಎಳೆದರೆ ಬೂದು ಗೆರೆ ಬೀಳುತ್ತದೆ. ಬೆಲ್ಲದ ಪಾಕ ಚೆಲ್ಲಿದರೆ ಮಾತ್ರ ಕಾಯುವಂತಿಲ್ಲ: ಒಲೆ ಆರಿಸಿ, ಗಾಜು ಬಿಸಿಯಿರುವಾಗಲೇ ಬ್ಲೇಡ್ ಇರುವ ಸ್ಕ್ರೇಪರಿನಿಂದ ಎಚ್ಚರಿಕೆಯಿಂದ ಕೆರೆದು ತೆಗೆಯಬೇಕು. ಆರಲು ಬಿಟ್ಟರೆ ಸಕ್ಕರೆ ಗಾಜಿನ ಮೇಲ್ಮೈಯನ್ನೇ ಕಿತ್ತುಕೊಂಡು ಬರುತ್ತದೆ, ಆ ಗಾಜಿನ ಬೆಲೆ ಡೆಪಾಸಿಟ್ಟಿನಲ್ಲಿ ಮುರಿಯುತ್ತಾರೆ.

ಸೆರಾನ್ ಮತ್ತು ಕಬ್ಬಿಣದ ತಟ್ಟೆ ಆರಿಸಿದ ಮೇಲೂ ಐದಾರು ನಿಮಿಷ ಬಿಸಿ ಕೊಡುತ್ತಲೇ ಇರುತ್ತವೆ. ಹಾಲು ಉಕ್ಕುವುದಕ್ಕೂ ಅನ್ನ ತಳ ಹಿಡಿಯುವುದಕ್ಕೂ ಅದೇ ಕಾರಣ. ಬೇಕಾದಷ್ಟು ವಿಷಲ್ ಆದ ಕೂಡಲೇ ಕುಕ್ಕರನ್ನು ಪಕ್ಕಕ್ಕೆ ಎತ್ತಿಡಿ. ಮೊದಲ ಸಲ ಕುಕ್ಕರ್ ಇಡುವ ಮುಂಚೆ ಮನೆಯವರಿಗೆಲ್ಲ ವಿಷಲ್ ಬಗ್ಗೆ ಹೇಳಿ, ಗೊತ್ತಿಲ್ಲದವರಿಗೆ ಅದು ನಿಜವಾಗಿಯೂ ಭಯ ಹುಟ್ಟಿಸುತ್ತದೆ.

ಒಗ್ಗರಣೆಯ ವಿಷಯಕ್ಕೆ ಬಂದರೆ, ಇದು ಬರೀ ವಾಸನೆಯ ಪ್ರಶ್ನೆಯಲ್ಲ, ಬೆಂಕಿ ಅಲಾರಂನ ಪ್ರಶ್ನೆ. ಚಾವಣಿಯ ಸ್ಮೋಕ್ ಡಿಟೆಕ್ಟರ್ ಗಾಳಿಯಲ್ಲಿನ ಕಣಗಳನ್ನು ಬೆಳಕಿನಿಂದ ಗುರುತಿಸುತ್ತದೆ, ಕಾದ ಎಣ್ಣೆಯ ಹೊಗೆಗೂ ಕೂಗುತ್ತದೆ. ಒಲೆಯ ಮೇಲಿನ ಹುಡ್ ಎಷ್ಟೋ ಕಡೆ ಹೊಗೆಯನ್ನು ಹೊರಗೆ ಕಳಿಸುವುದಿಲ್ಲ, ಫಿಲ್ಟರ್ ಮೂಲಕ ಮತ್ತೆ ಅಡುಗೆಮನೆಗೇ ಬಿಡುತ್ತದೆ. ಆದ್ದರಿಂದ ಮೊದಲು ಕಿಟಕಿ ಪೂರ್ತಿ ತೆರೆಯಿರಿ, ಅಡುಗೆಮನೆಯ ಬಾಗಿಲು ಮುಚ್ಚಿ. ಒಂಬತ್ತರವರೆಗೆ ನಂಬರ್ ಇರುವ ಒಲೆಯಾದರೆ ಆರರಲ್ಲಿಡಿ. ಎಣ್ಣೆ ಹೊಗೆಯಾಡುವ ಮುಂಚೆಯೇ ಸಾಸಿವೆ ಹಾಕಿ ಮುಚ್ಚಳ ಮುಚ್ಚಿ, ಚಟಪಟ ನಿಂತ ಮೇಲೆ ಒಲೆಯಿಂದ ಇಳಿಸಿ, ಆಮೇಲೆ ಒಣಮೆಣಸಿನಕಾಯಿ, ಇಂಗು ಹಾಕಿ. ಇಳಿಸಿದ ಪಾತ್ರೆಯ ಬಿಸಿಯೇ ಮೆಣಸಿನಕಾಯಿ ಹುರಿಯಲು ಸಾಕು, ಘಾಟೂ ಏಳುವುದಿಲ್ಲ. ಹೊಗೆ ತುಂಬಿಕೊಂಡರೆ ಫ್ಲ್ಯಾಟಿನ ಮುಖ್ಯ ಬಾಗಿಲನ್ನು ಮಾತ್ರ ಕಾರಿಡಾರಿನ ಕಡೆಗೆ ತೆರೆಯಬೇಡಿ. ಕಾರಿಡಾರಿನ ಡಿಟೆಕ್ಟರ್ ಅಗ್ನಿಶಾಮಕ ದಳಕ್ಕೆ ನೇರ ಜೋಡಿಸಿರುವ ಕಟ್ಟಡಗಳಿವೆ, ಸುಳ್ಳು ಕರೆಗೆ ಬಂದ ಗಾಡಿಯ ಖರ್ಚು ಕಾರಣರಾದವರ ಮೇಲೆ ಬೀಳಬಹುದು. ಡಿಟೆಕ್ಟರಿಗೆ ಪ್ಲಾಸ್ಟಿಕ್ ಕವರ್ ಕಟ್ಟುವುದು ಅಪಾಯ, ಮನೆ ಖಾಲಿ ಮಾಡಿಸಲೂ ಅದು ಕಾರಣವಾದೀತು.

ದೋಸೆ ಹಿಟ್ಟು 20 ಡಿಗ್ರಿಯ ಅಡುಗೆಮನೆಯಲ್ಲಿ ಒಂದು ರಾತ್ರಿಗೆ ಉಬ್ಬುವುದಿಲ್ಲ, ಒಂದು ಪೂರ್ತಿ ದಿನವೇ ಬೇಕಾದೀತು. ಓವನ್ ಒಳಗಿಟ್ಟು ದೀಪ ಮಾತ್ರ ಹಚ್ಚಿದರೆ, ಹಳೆಯ ಬಲ್ಬಿನದಾದರೆ, ಹತ್ತು ಹನ್ನೆರಡು ಗಂಟೆಯಲ್ಲಿ ಆಗುತ್ತದೆ. ಎಲ್‌ಇಡಿ ದೀಪ ಬಿಸಿ ಕೊಡುವುದಿಲ್ಲ. ಓವನ್ ಬಾಗಿಲಿಗೆ 'ಒಳಗೆ ಹಿಟ್ಟಿದೆ' ಎಂದು ಚೀಟಿ ಅಂಟಿಸದೆ ಮಲಗಬೇಡಿ, ಬೆಳಿಗ್ಗೆ ಯಾರೋ ಪಿಜ್ಜಾಕ್ಕೆಂದು 220 ಡಿಗ್ರಿಗೆ ತಿರುಗಿಸುತ್ತಾರೆ.

ಊರಿನಿಂದ ಹುಳಿಪುಡಿ, ಸಾರಿನಪುಡಿ, ಚಟ್ನಿಪುಡಿ ತನ್ನಿ. ತುಪ್ಪ, ಪೇಡ ಮುಂತಾದ ಹಾಲಿನ ಪದಾರ್ಥವನ್ನೂ ಮಾಂಸವನ್ನೂ ಯುರೋಪಿಯನ್ ಒಕ್ಕೂಟದೊಳಗೆ ಪ್ರಯಾಣಿಕರು ತರುವಂತಿಲ್ಲ, ಹಸಿ ಕರಿಬೇವಿಗೂ ತಡೆಯಿದೆ. ತುಪ್ಪಕ್ಕೆ ಬದಲು ಅಲ್ಲಿನ ಸೂಪರ್‌ಮಾರ್ಕೆಟ್ಟಿನ ಬುಟರ್‌ಶ್ಮಾಲ್ಟ್ಸ್ ಸಾಕು. ಕೊತ್ತಂಬರಿ, ಹಸಿಮೆಣಸಿನಕಾಯಿ, ಬೇಳೆ ಟರ್ಕಿಯವರ ಅಂಗಡಿಯಲ್ಲಿ ಅಗ್ಗ. ತೊಗರಿಬೇಳೆ, ರಾಗಿಹಿಟ್ಟಿಗೆ ಏಷ್ಯನ್ ಅಂಗಡಿಗೆ ಹೋಗಬೇಕು.

ಕಸ, ನೀರು, ಗಾಳಿ

ಕಸದ ಬಣ್ಣ ಊರಿಂದೂರಿಗೆ ಸ್ವಲ್ಪ ಬದಲಾಗುತ್ತದೆ, ತರ್ಕ ಒಂದೇ. ಕಾಗದ ನೀಲಿ ಡಬ್ಬಕ್ಕೆ, ಪ್ಲಾಸ್ಟಿಕ್ ಮತ್ತು ಲೋಹದ ಪ್ಯಾಕಿಂಗ್ ಹಳದಿಗೆ, ತರಕಾರಿ ಸಿಪ್ಪೆ ಕಂದು ಅಥವಾ ಹಸಿರಿಗೆ, ಉಳಿದದ್ದು ಕಪ್ಪು ಅಥವಾ ಬೂದು ಡಬ್ಬಕ್ಕೆ. ಗಾಜಿನ ಜಾಡಿಗಳು ಬೀದಿಯ ತೊಟ್ಟಿಗೆ, ಬಿಳಿ, ಕಂದು, ಹಸಿರು ಎಂದು ಬೇರೆಬೇರೆಯಾಗಿ; ಭಾನುವಾರ ಹಾಕುವಂತಿಲ್ಲ. ಸಿಪ್ಪೆಯನ್ನು ಪ್ಲಾಸ್ಟಿಕ್ ಚೀಲದ ಸಮೇತ ಹಾಕುವುದೇ ಅತಿ ಸಾಮಾನ್ಯ ತಪ್ಪು. ತಪ್ಪು ಕಸ ಕಂಡರೆ ಲಾರಿಯವರು ಡಬ್ಬವನ್ನೇ ಬಿಟ್ಟು ಹೋಗುತ್ತಾರೆ, ಇಡೀ ಕಟ್ಟಡಕ್ಕೆ ನೋಟಿಸ್ ಬರುತ್ತದೆ. ಖಾಲಿ ಬಾಟಲಿ, ಕ್ಯಾನ್ ಎಸೆಯಬೇಡಿ: ಒಂದೇ ಸಲ ಬಳಸುವ ಪ್ಲಾಸ್ಟಿಕ್ ಬಾಟಲಿ, ಕ್ಯಾನಿಗೆ 25 ಸೆಂಟ್, ಮರುಬಳಕೆಯ ನೀರಿನ ಬಾಟಲಿಗೆ ಸಾಮಾನ್ಯವಾಗಿ 15, ಮಾಮೂಲಿ ಬಿಯರ್ ಬಾಟಲಿಗೆ 8 ಸೆಂಟ್ ವಾಪಸ್ ಬರುತ್ತದೆ. ಹಿಂಡಿ ಚಪ್ಪಟೆ ಮಾಡಿದರೆ ಯಂತ್ರ ಲೇಬಲ್ ಓದುವುದಿಲ್ಲ.

ಬಾತ್‌ರೂಮಿನಲ್ಲಿ ಶವರ್ ಜಾಗ ಬಿಟ್ಟು ನೆಲಕ್ಕೆ ಸಾಮಾನ್ಯವಾಗಿ ನೀರು ಹೋಗುವ ದಾರಿಯೇ ಇರುವುದಿಲ್ಲ. ಬಕೆಟ್ ಇಟ್ಟು ಸ್ನಾನ ಮಾಡಿ ನೆಲ ತೊಳೆದರೆ ಕೆಳಗಿನ ಮನೆಯ ಚಾವಣಿ ಒದ್ದೆಯಾಗುತ್ತದೆ. ಸ್ನಾನವಾದ ಮೇಲೆ ಗಾಜು, ಟೈಲ್ಸ್ ವೈಪರಿನಿಂದ ಒರೆಸಿ, ಎಷ್ಟೋ ಊರುಗಳ ನೀರಿನಲ್ಲಿ ಸುಣ್ಣ ಜಾಸ್ತಿ, ಬಿಳಿ ಕಲೆ ಕೂರುತ್ತದೆ. ಕೆಟಲಿನಲ್ಲಿ ಕೂತ ಸುಣ್ಣಕ್ಕೆ ವಿನೆಗರ್ ನೀರು ಕಾಯಿಸಿ ಅರ್ಧ ಗಂಟೆ ಬಿಡಿ. ನಲ್ಲಿ ನೀರು ಕುಡಿಯಲು ಯೋಗ್ಯ, ಫಿಲ್ಟರ್ ಬೇಡ.

ಚಳಿಯ ಊರಲ್ಲಿ ದಿನಕ್ಕೆ ಎರಡು ಮೂರು ಸಲ ಕಿಟಕಿ ಪೂರ್ತಿ ತೆರೆದು ಐದರಿಂದ ಹತ್ತು ನಿಮಿಷ ಬಿಡಬೇಕು ಎಂದರೆ ಹೊಸಬರು ನಂಬುವುದಿಲ್ಲ. ಕಾರಣವಿದೆ: ಉಸಿರು, ಅಡುಗೆ, ಸ್ನಾನದ ತೇವ ತಣ್ಣಗಿನ ಗೋಡೆಯ ಮೂಲೆಯಲ್ಲಿ ನೀರಾಗಿ ಕೂತು ಕಪ್ಪು ಬೂಷ್ಟು ಹಿಡಿಯುತ್ತದೆ. ಕಿಟಕಿಯನ್ನು ಓರೆಯಾಗಿ ಇಡೀ ದಿನ ತೆರೆದಿಟ್ಟರೆ ಗಾಳಿ ಬದಲಾಗುವುದು ಕಡಿಮೆ, ಗೋಡೆ ತಣ್ಣಗಾಗುವುದು ಹೆಚ್ಚು. ತೆರೆಯುವಾಗ ಹೀಟರ್ ಆರಿಸಿ. ಹೀಟರಿನ ತಿರುಗುಗುಂಡಿಯ 3 ಎಂದರೆ ಸುಮಾರು 20 ಡಿಗ್ರಿ; 5ಕ್ಕೆ ತಿರುಗಿಸಿದರೆ ರೂಮ್ ಬೇಗ ಬಿಸಿಯಾಗುವುದಿಲ್ಲ, 28ರ ತನಕ ಹೋಗುತ್ತದೆ ಅಷ್ಟೆ. ಒದ್ದೆ ಬಟ್ಟೆ ರೂಮಿನಲ್ಲಿ ಒಣಗಿಸಬೇಡಿ, ನೆಲಮಾಳಿಗೆಯಲ್ಲಿ ವಾಷಿಂಗ್ ಮಶೀನ್ ಜೊತೆ ಒಣಗಿಸುವ ಜಾಗವಿರುತ್ತದೆ.

ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ಸದ್ದಿಲ್ಲ, ಭಾನುವಾರ ದಿನವಿಡೀ. ಭಾರತಕ್ಕೆ ಸ್ಪೀಕರ್ ಹಾಕಿ ಫೋನ್ ಮಾಡುವುದೂ, ವ್ಯಾಕ್ಯೂಮ್ ಕ್ಲೀನರ್ ಹಾಕುವುದೂ ಇದರಲ್ಲಿ ಬರುತ್ತವೆ.

ನೋಂದಣಿಯಾದ ಕೆಲವು ವಾರಕ್ಕೆ ರೇಡಿಯೋ ಮತ್ತು ಟಿವಿ ಶುಲ್ಕದ ಪತ್ರ ಬರುತ್ತದೆ. ಟಿವಿ ಇಲ್ಲದಿದ್ದರೂ ಮನೆಯೊಂದಕ್ಕೆ ತಿಂಗಳಿಗೆ 18.36 ಯೂರೋ. ಒಂದೇ ಮುಖ್ಯ ಬಾಗಿಲಿನ ಫ್ಲ್ಯಾಟಾದರೆ ಒಬ್ಬರು ಕಟ್ಟಿದರೆ ಸಾಕು, ನಾಲ್ವರಲ್ಲಿ ತಲಾ 4.59 ಬೀಳುತ್ತದೆ, ಉಳಿದ ಮೂವರು ತಮ್ಮ ಪತ್ರಕ್ಕೆ ಉತ್ತರವಾಗಿ ಕಟ್ಟುವವರ ಶುಲ್ಕದ ಖಾತೆಯ ನಂಬರ್ (ಬ್ಯಾಂಕ್ ಖಾತೆಯದಲ್ಲ) ಬರೆದು ಕಳಿಸಬೇಕು. ಎಲ್ಲರೂ ಓಡಾಡುವ ತೆರೆದ ಕಾರಿಡಾರಿಗೆ ನೇರ ಬಾಗಿಲಿರುವ ಒಂಟಿ ರೂಮಾದರೆ ಪ್ರತಿಯೊಬ್ಬರೂ ಪೂರ್ತಿ ಕಟ್ಟಬೇಕು. ಪತ್ರವನ್ನು ಕಡೆಗಣಿಸಿದರೆ ವಾಸ ಶುರುವಾದ ತಿಂಗಳಿಂದ ಲೆಕ್ಕ ಹಾಕಿ ಬಾಕಿ ಕೇಳುತ್ತಾರೆ. ಶೇರ್ಡ್ ಫ್ಲ್ಯಾಟ್ ಆರಿಸಲು ಇದೂ ಒಂದು ಕಾರಣ.

ಯಾರಿಗೆ ಇದು ಹೊಂದುವುದಿಲ್ಲ? ದಂಪತಿಗೆ, ಮಡಿ ಅಡುಗೆ ಬಿಡದವರಿಗೆ, ಸದ್ದಿಗೆ ನಿದ್ದೆ ಬಾರದವರಿಗೆ. ಇವರು ದುಬಾರಿಯಾದರೂ ಡಾರ್ಮಿನದೇ ಒಂಟಿ ಅಪಾರ್ಟ್‌ಮೆಂಟಿಗೆ ಅರ್ಜಿ ಹಾಕಲಿ. ಬಿಡುವ ನಿಯಮವನ್ನೂ ಸಹಿಗೆ ಮುಂಚೆ ಓದಿ: ಕಾಂಟ್ರ್ಯಾಕ್ಟುಗಳು ಹೆಚ್ಚಾಗಿ ಸೆಮೆಸ್ಟರ್ ಲೆಕ್ಕದಲ್ಲಿ, ಅಂದರೆ ಮಾರ್ಚ್ ಅಥವಾ ಸೆಪ್ಟೆಂಬರ್ ಕೊನೆಗೆ ಮುಗಿಯುತ್ತವೆ, ನಡುವೆ ಬೇರೆ ಊರಲ್ಲಿ ಇಂಟರ್ನ್‌ಶಿಪ್ ಸಿಕ್ಕರೂ ಬಾಡಿಗೆ ಓಡುತ್ತಲೇ ಇರುತ್ತದೆ. ಅಂಥ ಸಂದರ್ಭಕ್ಕೆ ಆ ಕೆಲವು ತಿಂಗಳು ಬೇರೆ ವಿದ್ಯಾರ್ಥಿಗೆ ರೂಮ್ ಕೊಡಲು ಎಷ್ಟೋ ಡಾರ್ಮ್‌ಗಳು ಒಪ್ಪುತ್ತವೆ, ಆದರೆ ಮುಂಚಿತವಾಗಿ ಲಿಖಿತ ಒಪ್ಪಿಗೆ ಬೇಕು.